ವಾಲ್ವ್ ಆಂಪ್ಲಿಫೈಯರ್‌ಗೆ ಟರ್ನ್‌ಟೇಬಲ್ ಜೋಡಿಸಿದ್ದೀರಿ, ಗುಂಯ್ ಎನ್ನುತ್ತಿದೆ: ದೋಷ ಹುಡುಕುವ ಕೈಪಿಡಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ವಾಲ್ವ್ ಆಂಪ್ಲಿಫೈಯರ್ ಇರುವ ಮನೆಗಳಲ್ಲಿ ನಿತ್ಯವೂ ನಡೆಯುತ್ತದೆ. ಹಾಡು ಕೇಳಿಸದಿದ್ದರೆ, ಗುಂಯ್ ಎಂದರೆ, ಒಂದೇ ಸ್ಪೀಕರ್ ಮಾತಾಡಿದರೆ ಮೊದಲ ಅನುಮಾನ ಗಾಜಿನ ಬುರುಡೆಯೊಳಗೆ ಕೆಂಪಗೆ ಹೊಳೆಯುವ ವಾಲ್ವ್‌ಗಳ ಮೇಲೆ. ಅವು ಕಣ್ಣಿಗೆ ಕಾಣುತ್ತವೆ, ಬಿಸಿಯಾಗುತ್ತವೆ, ಹಳೆಯ ಕಾಲದವು ಎಂಬ ಅಪವಾದ ಬೇರೆ. ಹೊಸ ಜೋಡಿ ತರಿಸಿ ಹಾಕುತ್ತಾರೆ, ಗುಂಯ್ ಮಾತ್ರ ಹೋಗುವುದಿಲ್ಲ. ಹೊಸದಾಗಿ ಜೋಡಿಸಿದ ಸೆಟ್ಟಿನಲ್ಲಿ ತೊಂದರೆ ಸಾಮಾನ್ಯವಾಗಿ ವಾಲ್ವ್‌ಗಿಂತ ಹಿಂದೆ, ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲಿನ ಮುಳ್ಳಿನಿಂದ ಆಂಪ್ಲಿಫೈಯರಿನ ಇನ್‌ಪುಟ್‌ವರೆಗಿನ ಒಂದೆರಡು ಮೀಟರ್ ದಾರಿಯಲ್ಲಿ ಇರುತ್ತದೆ. ಆ ದಾರಿಯನ್ನು ತುಂಡು ತುಂಡಾಗಿ ಪರೀಕ್ಷಿಸುವುದು ಹೇಗೆಂದು ಇಲ್ಲಿ ಬರೆದಿದ್ದೇನೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳು ನನ್ನ ಮನಸ್ಸಿನಲ್ಲಿವೆ. ಇಲ್ಲಿನ ಅರ್ಥಿಂಗ್, ಮಳೆ, ಹಲಗೆಯ ಮಹಡಿ ಮೂರೂ ಸೇರಿ ಕೊಡುವ ಕಾಟ ಬಯಲುಸೀಮೆಯವರು ಬರೆದ ಕೈಪಿಡಿಗಳಲ್ಲಿ ಸಿಗುವುದಿಲ್ಲ.

ಕೈ ಹಾಕುವ ಮೊದಲು

ವಾಲ್ವ್ ಆಂಪ್ಲಿಫೈಯರಿನ ಒಳಗೆ ಸಾಮಾನ್ಯವಾಗಿ 250ರಿಂದ 450 ವೋಲ್ಟ್‌ವರೆಗೆ ಡಿ.ಸಿ. ಇರುತ್ತದೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರ್‌ಗಳಲ್ಲಿ ಉಳಿದುಕೊಂಡಿರಬಹುದು, ಜೀವ ತೆಗೆಯುವಷ್ಟು. ಆದ್ದರಿಂದ ತಳದ ತಗಡನ್ನು ಬಿಚ್ಚಬೇಕಾದ ಯಾವ ಪರೀಕ್ಷೆಯೂ ಈ ಬರಹದಲ್ಲಿಲ್ಲ. ಹೊರಗಿನಿಂದಲೇ ಮಾಡಬಹುದಾದ ಪರೀಕ್ಷೆಗಳು ಬೇಕಾದಷ್ಟಿವೆ.

ಎರಡನೆಯದು, ಸ್ಪೀಕರ್ ಜೋಡಿಸದೆ ಆಂಪ್ಲಿಫೈಯರ್ ಚಾಲೂ ಮಾಡಬೇಡಿ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇದನ್ನು ಸಹಿಸಿಕೊಳ್ಳುತ್ತದೆ. ವಾಲ್ವಿನದು ಸಹಿಸುವುದಿಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಮತ್ತು ಇಡೀ ಪೆಟ್ಟಿಗೆಯಲ್ಲಿ ಅತ್ಯಂತ ದುಬಾರಿ ವಸ್ತು ಅದೇ. ಹಿಂಬದಿಯಲ್ಲಿ 4 ಮತ್ತು 8 ಓಮ್ ಎಂದು ಬೇರೆ ಬೇರೆ ತಿರುಪುಗಳಿದ್ದರೆ ಸ್ಪೀಕರಿನ ಬೆನ್ನಿನ ಮೇಲೆ ಬರೆದಿರುವ ಸಂಖ್ಯೆ ನೋಡಿ ಅದಕ್ಕೇ ಹಾಕಿ.

ಮೂರನೆಯದು, ಇನ್‌ಪುಟ್ ತಂತಿ ಕೀಳುವಾಗಲೂ ಹಾಕುವಾಗಲೂ ವಾಲ್ಯೂಮ್ ಪೂರ್ತಿ ಕೆಳಗಿರಲಿ, ಸಾಧ್ಯವಾದರೆ ಆಂಪ್ಲಿಫೈಯರ್ ಆರಿರಲಿ. ಆರ್‌ಸಿಎ ಪ್ಲಗ್ (ಇನ್‌ಪುಟ್ ತಂತಿಯ ತುದಿಯ ದುಂಡು ಪ್ಲಗ್) ಹೊರಬರುವಾಗ ಹೊರಬಳೆ ಮೊದಲು ಬಿಡುತ್ತದೆ, ನಡುವಿನ ಪಿನ್ ಆಮೇಲೆ. ಆ ಕ್ಷಣದಲ್ಲಿ ಏಳುವ ಅಬ್ಬರಕ್ಕೆ ಸ್ಪೀಕರಿನ ಕಾಗದ ಹರಿಯಬಹುದು.

ಇನ್ನೊಂದು ಮಾತು ಹಳೆಯ ವಾಲ್ವ್ ರೇಡಿಯೊವನ್ನೇ ಆಂಪ್ಲಿಫೈಯರ್ ಮಾಡಿಕೊಳ್ಳಲು ಹೊರಟವರಿಗೆ. ಅಟ್ಟದಿಂದ ಇಳಿಸಿದ ರೇಡಿಯೊದ ಹಿಂದೆ ಗ್ರಾಮಫೋನ್ ಎಂದು ಬರೆದ ಎರಡು ತೂತು ಕಂಡ ಕೂಡಲೇ ಉತ್ಸಾಹ ಬರುವುದು ಸಹಜ. ಆದರೆ ಎ.ಸಿ., ಡಿ.ಸಿ. ಎರಡರಲ್ಲೂ ನಡೆಯುವಂತೆ ಮಾಡಿದ ರೇಡಿಯೊಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ತಗಡಿನ ಚಾಸಿ ನೇರವಾಗಿ ಮನೆಯ ವಿದ್ಯುತ್ತಿಗೆ ಅಂಟಿಕೊಂಡಿರುತ್ತದೆ. ಅಂಥದಕ್ಕೆ ಟರ್ನ್‌ಟೇಬಲ್ ಜೋಡಿಸಿದರೆ ಮುಳ್ಳನ್ನು ಹೊತ್ತ ಟೋನ್‌ಆರ್ಮ್ ಮುಟ್ಟಿದವರಿಗೆ ಶಾಕ್ ಹೊಡೆಯುವ ಅಪಾಯವಿದೆ. ರೇಡಿಯೊ ತಿಳಿದವರಿಗೆ ತೋರಿಸದೆ ಆ ಸಾಹಸ ಬೇಡ.

ಹಾಡು ಇದೆ, ಪಿಸುಮಾತಿನಷ್ಟು

ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರೂ ಹಾಡು ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸಿದರೆ ಯಾವುದೂ ಕೆಟ್ಟಿಲ್ಲ. ನಡುವಿನ ಒಂದು ಕೊಂಡಿ ಇಲ್ಲ, ಅಷ್ಟೇ. ಮುಳ್ಳಿನ ನಡುಕವನ್ನು ವಿದ್ಯುತ್ತಾಗಿಸುವ ಭಾಗ ಕಾರ್ಟ್ರಿಡ್ಜ್. ಈಗಿನ ಟರ್ನ್‌ಟೇಬಲ್‌ಗಳಲ್ಲಿ ಸಾಮಾನ್ಯವಾಗಿರುವ ಮೂವಿಂಗ್ ಮ್ಯಾಗ್ನೆಟ್ ಬಗೆಯದು ಹೊರಡಿಸುವುದು 3ರಿಂದ 5 ಮಿಲಿವೋಲ್ಟ್. ಸಿ.ಡಿ. ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್, ಅಂದರೆ ನಾನೂರು ಪಟ್ಟಿಗೂ ಹೆಚ್ಚು. ಹೊಸಬರು ಕೊಳ್ಳುವ ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ ಬಹುಪಾಲು ಈ ಎರಡನೆಯ ಮಟ್ಟಕ್ಕೆ ತಕ್ಕಂತೆ ಮಾಡಿದವು. ನಡುವೆ ಫೋನೋ ಪ್ರೀಆಂಪ್ ಎಂಬ ಸಣ್ಣ ಪೆಟ್ಟಿಗೆ ಬೇಕು. ಅದು ಸಂಕೇತವನ್ನು ಸುಮಾರು 40 ಡೆಸಿಬೆಲ್, ಎಂದರೆ ನೂರು ಪಟ್ಟು ಹಿಗ್ಗಿಸುತ್ತದೆ. ಮೂವಿಂಗ್ ಕಾಯಿಲ್ ಎಂಬ ಇನ್ನೊಂದು ಬಗೆಯ ಕಾರ್ಟ್ರಿಡ್ಜ್ ಆದರೆ ಅದು ಸಾಮಾನ್ಯವಾಗಿ ಕೊಡುವುದೇ ಅರ್ಧ ಮಿಲಿವೋಲ್ಟಿನ ಒಳಗೆ. ಅದಕ್ಕೆ 60 ಡೆಸಿಬೆಲ್ ಬೇಕು, ಸಾವಿರ ಪಟ್ಟು.

ಹಿಗ್ಗಿಸುವುದಷ್ಟೇ ಪ್ರೀಆಂಪಿನ ಕೆಲಸವಲ್ಲ. ರೆಕಾರ್ಡ್ ಕೊರೆಯುವಾಗಲೇ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ಮೇಲಿನ ಸ್ವರಗಳನ್ನು ಎತ್ತಿ ಕೊರೆದಿರುತ್ತಾರೆ. ತಗ್ಗಿನ ಸ್ವರಕ್ಕೆ ಗೀರು ಅಗಲವಾಗಿ ಓಲಾಡುತ್ತದೆ, ಹಾಗೇ ಬಿಟ್ಟರೆ ಪಕ್ಕದ ಗೀರಿಗೆ ನುಗ್ಗುತ್ತದೆ. ಕೇಳುವಾಗ ಪ್ರೀಆಂಪ್ ಅದನ್ನು ತಿರುಗಿಸಿ ಸರಿಮಾಡುತ್ತದೆ. 1954ರಿಂದ ಆರ್‌ಐಎಎ ಎಂಬ ಒಂದೇ ಲೆಕ್ಕ ಇದಕ್ಕೆ ಜಾರಿಯಲ್ಲಿದೆ: ಮಧ್ಯದ 1,000 ಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಏರಿಕೆ, 20,000 ಹರ್ಟ್ಸ್‌ನಲ್ಲಿ ಅಷ್ಟೇ ಇಳಿಕೆ.

ಈ ಲೆಕ್ಕ ತಪ್ಪಿದೆಯೇ ಎಂದು ತಿಳಿಯಲು ಉಪಕರಣ ಬೇಡ, ಮೃದಂಗ ಇರುವ ಒಂದು ಕಚೇರಿಯ ರೆಕಾರ್ಡ್ ಸಾಕು. ಎಡಗೈಯ ತೊಪ್ಪಿಯ ಗುಮುಕಿ ಕೇಳಿಸದೆ ಬಲಗೈಯ ಚಾಪು ಮಾತ್ರ ಕಿವಿಗೆ ಚುಚ್ಚುತ್ತಿದ್ದರೆ, ಹಾಡುವವರ ಸಕಾರವೆಲ್ಲ ಸೀಟಿ ಹೊಡೆದಂತೆ ಕೇಳಿದರೆ ಪ್ರೀಆಂಪ್ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ ತೊಪ್ಪಿ ಮನೆಯೆಲ್ಲ ಗುಡುಗುತ್ತಿದ್ದು, ಹಾಡು ಕಂಬಳಿ ಹೊದ್ದು ಹಾಡಿದಂತೆ ಮಂಕಾಗಿದ್ದು, ಸ್ವಲ್ಪ ಜೋರಾದರೆ ಒಡೆಯುತ್ತಿದ್ದರೆ ಪ್ರೀಆಂಪ್ ಎರಡು ಸಲ ಆಗಿದೆ. ಈಚಿನ ಅಗ್ಗದ ಟರ್ನ್‌ಟೇಬಲ್‌ಗಳ ಹೊಟ್ಟೆಯಲ್ಲೇ ಒಂದು ಪ್ರೀಆಂಪ್ ಇರುತ್ತದೆ, ಹಿಂಬದಿಯಲ್ಲಿ ಫೋನೋ, ಲೈನ್ ಎಂಬ ಪುಟ್ಟ ಸ್ವಿಚ್. ಹೊರಗೆ ಬೇರೆ ಪ್ರೀಆಂಪ್ ಇಟ್ಟಿದ್ದರೆ ಸ್ವಿಚ್ ಫೋನೋ ಕಡೆಗಿರಬೇಕು, ಇಲ್ಲದಿದ್ದರೆ ಲೈನ್ ಕಡೆಗೆ. ಧೂಳು ಒರೆಸುವವರ ಬೆರಳು ತಾಗಿ ಈ ಸ್ವಿಚ್ ಜರುಗುವುದುಂಟು, ಆದ್ದರಿಂದ ನಿನ್ನೆ ಸರಿಯಿತ್ತಲ್ಲ ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ಅಜ್ಜನ ಕಾಲದ ಪೆಟ್ಟಿಗೆ ಪ್ಲೇಯರ್ ಇದ್ದವರದು ಬೇರೆಯೇ ಕಥೆ. ಎಪ್ಪತ್ತರ ದಶಕದಲ್ಲಿ ಮನೆಮನೆಗೆ ಬಂದ ಆ ಯಂತ್ರಗಳಲ್ಲಿ ಇರುತ್ತಿದ್ದುದು ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಡ್ಜ್. ಅದು ನೂರಾರು ಮಿಲಿವೋಲ್ಟ್ ಕೊಡುತ್ತದೆ, ಫೋನೋ ಪ್ರೀಆಂಪಿಗೆ ಹಾಕಿದರೆ ಬರೀ ಗಲಾಟೆ. ಅದನ್ನು ನೇರವಾಗಿ ಆಂಪ್ಲಿಫೈಯರಿನ ಆಕ್ಸ್ (ಸಾಮಾನ್ಯ ಲೈನ್) ಇನ್‌ಪುಟ್ಟಿಗೆ ಕೊಡಿ. ಆಗಲೂ ತೊಪ್ಪಿ ಸೊರಗಿದ್ದರೆ ಕಾರಣ ಬೇರೆ: ಸೆರಾಮಿಕ್‌ಗೆ ಹತ್ತು ಲಕ್ಷ ಓಮ್‌ನಷ್ಟು ಹೆಚ್ಚಿನ ಇನ್‌ಪುಟ್ ತಡೆ ಬೇಕು, ಇಂದಿನ ಆಂಪ್ಲಿಫೈಯರ್‌ಗಳಲ್ಲಿ ಅದರ ಹತ್ತನೆಯ ಒಂದು ಭಾಗವೋ ಇನ್ನೂ ಕಡಿಮೆಯೋ ಇರುತ್ತದೆ.

ಹೊಸಬರನ್ನು ದಾರಿ ತಪ್ಪಿಸುವ ಒಂದು ಸಂಗತಿ ಇದೆ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಮುಳ್ಳಿನ ಹತ್ತಿರ ಕಿವಿ ಇಟ್ಟರೆ ಹಾಡು ಸಣ್ಣಗೆ ಕೇಳಿಸುತ್ತದೆ. ಅದು ಮುಳ್ಳು ನಡುಗುವ ಸದ್ದು, ವಿದ್ಯುತ್ತಿಗೂ ಅದಕ್ಕೂ ಸಂಬಂಧವಿಲ್ಲ. ಮುಳ್ಳು ಗೀರಿನಲ್ಲಿ ಕೂತಿದೆ ಎಂಬುದಕ್ಕೆ ಅದು ಸಾಕ್ಷಿ, ತಂತಿ ಸರಿಯಿದೆ ಎಂಬುದಕ್ಕಲ್ಲ.

ಗುಂಯ್

ಎಲ್ಲಕ್ಕಿಂತ ಹೆಚ್ಚು ಜನ ಕೇಳುವುದು ಇದನ್ನೇ. ನೂರು ಪಟ್ಟು ಹಿಗ್ಗಿಸುವ ಪೆಟ್ಟಿಗೆ ಹಾಡನ್ನು ಮಾತ್ರ ಹಿಗ್ಗಿಸು ಎಂದರೆ ಕೇಳುವುದಿಲ್ಲ, ದಾರಿಯಲ್ಲಿ ಸೇರಿಕೊಂಡ 50 ಹರ್ಟ್ಸ್‌ನ ಮನೆಯ ವಿದ್ಯುತ್ತನ್ನೂ ಹಿಗ್ಗಿಸುತ್ತದೆ. ಎಲ್ಲಿ ಸೇರಿತು ಎಂಬುದೇ ಪ್ರಶ್ನೆ.

ಮೊದಲು ವಾಲ್ಯೂಮನ್ನು ಸೊನ್ನೆಗೆ ತನ್ನಿ. ಗುಂಯ್ ಅಷ್ಟೇ ಇದ್ದರೆ ತೊಂದರೆ ಆಂಪ್ಲಿಫೈಯರಿನದು. ಪವರ್ ಸಪ್ಲೈನ ಕೆಪಾಸಿಟರ್ ಒಣಗಿರಬಹುದು, ಪವರ್ ವಾಲ್ವ್ ದಣಿದಿರಬಹುದು. ಆ ಸದ್ದು ಹೆಚ್ಚಾಗಿ 100 ಹರ್ಟ್ಸ್‌ನದು, 50ರದಕ್ಕಿಂತ ಒಂದು ಸ್ಥಾಯಿ ಮೇಲೆ, ಸ್ವಲ್ಪ ಕರಕರ ಬೆರೆತದ್ದು. ಅದನ್ನು ರಿಪೇರಿಯವರಿಗೆ ಬಿಡಿ. ವಾಲ್ಯೂಮ್ ಜೊತೆಗೆ ಗುಂಯ್ ಏರಿಳಿದರೆ ಆಂಪ್ಲಿಫೈಯರಿನ ಕೊನೆಯ ಭಾಗ ನಿರಪರಾಧಿ, ಹಿಂದೆ ಹೋಗಿ.

ಸೆಲೆಕ್ಟರನ್ನು ಫೋನೋದಿಂದ ಬೇರೆ ಇನ್‌ಪುಟ್ಟಿಗೆ ತಿರುಗಿಸಿ. ಗುಂಯ್ ನಿಂತರೆ ಪ್ರೀಆಂಪ್ ಮತ್ತು ಟರ್ನ್‌ಟೇಬಲ್ ಮಾತ್ರ ಉಳಿದವು. ಈಗ ಟೋನ್‌ಆರ್ಮಿನ ಲೋಹದ ಭಾಗವನ್ನೋ ಕಾರ್ಟ್ರಿಡ್ಜ್ ಕೂರುವ ಹೆಡ್‌ಶೆಲ್ಲನ್ನೋ ಬೆರಳಿನಿಂದ ಮುಟ್ಟಿ. ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಉತ್ತರ ಸಿಕ್ಕಿತು: ಅರ್ಥ್ ತಂತಿ ಜೋಡಿಸಿಲ್ಲ.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಮನೆಯಲ್ಲಿ ಈ ಪರೀಕ್ಷೆಯನ್ನು ಅವರೇ ಕಂಡುಹಿಡಿದಿದ್ದರು, ಪರೀಕ್ಷೆ ಎಂದು ತಿಳಿಯದೆ. ಹುಡುಗ ಟರ್ನ್‌ಟೇಬಲ್ ಪಕ್ಕ ನಿಂತು ಟೋನ್‌ಆರ್ಮಿನ ಬುಡಕ್ಕೆ ಬೆರಳು ಒತ್ತಿಕೊಂಡಿದ್ದ. ಕೈ ತೆಗೆದರೆ ಗುಂಯ್, ಇಟ್ಟರೆ ಹಾಡು. "ಮಾಣಿ, ಕೈ ತೆಗೆಯಬೇಡ, ಪಲ್ಲವಿ ಮುಗಿಯಲಿ" ಎಂದು ಒರಗು ಕುರ್ಚಿಯಿಂದ ಅಪ್ಪಣೆ. "ಅಜ್ಜಯ್ಯ, ಕೈ ಸೋತುಹೋಯಿತು" ಎಂದು ಇವನು. ಟರ್ನ್‌ಟೇಬಲನ್ನು ತುಸು ಎತ್ತಿ ತಳ ನೋಡಿದರೆ, ಕಂಪನಿಯವರು ಸುತ್ತಿಟ್ಟ ಪ್ಲಾಸ್ಟಿಕ್ ಕಟ್ಟಿನೊಳಗೆ ತೆಳ್ಳನೆಯ ಹಸಿರು ತಂತಿ ಸುರುಳಿಯಾಗಿ ಮಲಗಿತ್ತು, ತುದಿಯಲ್ಲಿ ಯು ಆಕಾರದ ಹಿತ್ತಾಳೆಯ ಕೊಕ್ಕೆ. ಅದನ್ನು ಬಿಡಿಸಿ ಪ್ರೀಆಂಪಿನ ಹಿಂದಿನ ಜಿಎನ್‌ಡಿ ಎಂಬ ತಿರುಪಿಗೆ ಬಿಗಿದ ಮೇಲೆ ಹುಡುಗ ಬಿಡುಗಡೆಯಾದ. ಈ ತಂತಿ ಹಸಿರೇ ಇರಬೇಕೆಂದಿಲ್ಲ, ಕಪ್ಪೂ ಇರುತ್ತದೆ. ಆರ್‌ಸಿಎ ತಂತಿಗಳ ಜೊತೆ ಅಂಟಿಕೊಂಡು ಬಂದ ಮೂರನೆಯ ಸಣ್ಣ ತಂತಿ ಅದು. ಕೊಕ್ಕೆಗೆ ಕಿಲುಬು ಹಿಡಿದಿದ್ದರೆ ಕೆರೆದು ಹಾಕಿ. ಪ್ರೀಆಂಪ್ ಒಳಗೇ ಇರುವ ಕೆಲವು ಟರ್ನ್‌ಟೇಬಲ್‌ಗಳಿಗೆ ಈ ತಂತಿ ಇರುವುದಿಲ್ಲ, ಅಲ್ಲಿ ಒಳಗೇ ಜೋಡಿಸಿರುತ್ತಾರೆ.

ಮುಟ್ಟಿದಾಗ ಗುಂಯ್ ಬದಲಾಗದಿದ್ದರೆ ಮುಂದಿನ ಅನುಮಾನ ಕಾಂತಕ್ಷೇತ್ರದ ಮೇಲೆ. ವಾಲ್ವ್ ಆಂಪ್ಲಿಫೈಯರಿನ ಪವರ್ ಟ್ರಾನ್ಸ್‌ಫಾರ್ಮರ್ ದೊಡ್ಡದು, ಅದರ ಸುತ್ತ 50 ಹರ್ಟ್ಸ್‌ನ ಕಾಂತಕ್ಷೇತ್ರ ಹರಡಿರುತ್ತದೆ. ಕಾರ್ಟ್ರಿಡ್ಜ್ ಒಳಗಿರುವುದು ಅಂಥದ್ದನ್ನು ಹಿಡಿಯಲೆಂದೇ ಸುತ್ತಿದ ಸುರುಳಿ. ಶೋಕೇಸಿನಲ್ಲಿ ಚೆಂದ ಕಾಣಲೆಂದು ಎರಡನ್ನೂ ಅಕ್ಕಪಕ್ಕ ಇಟ್ಟರೆ ಗುಂಯ್ ಬರದೆ ಇನ್ನೇನು ಬರಬೇಕು? ಟರ್ನ್‌ಟೇಬಲನ್ನು ಒಂದು ಮೀಟರಿನಾಚೆಗೆ ಸರಿಸಿ ನೋಡಿ, ಆಂಪ್ಲಿಫೈಯರನ್ನು ಕಾಲುಭಾಗ ತಿರುಗಿಸಿ ನೋಡಿ. ಇನ್ನೊಂದು ಸೂಕ್ಷ್ಮ ಪರೀಕ್ಷೆ ಇದೆ. ಟೋನ್‌ಆರ್ಮನ್ನು ಕೆಳಗಿಳಿಸದೆ ಗಾಳಿಯಲ್ಲೇ ತಟ್ಟೆಯ ಅಂಚಿನಿಂದ ನಡುವಿನ ಗೂಟದ ಕಡೆಗೆ ನಿಧಾನವಾಗಿ ಒಯ್ಯಿರಿ. ಒಳಕ್ಕೆ ಹೋದಂತೆ ಗುಂಯ್ ಏರಿದರೆ ತಟ್ಟೆಯ ಕೆಳಗಿನ ಮೋಟರ್ ಕಾರಣ, ಕಾರ್ಟ್ರಿಡ್ಜಿಗೆ ಸರಿಯಾದ ಕವಚವಿಲ್ಲ. ಆಗ ಕಾರ್ಟ್ರಿಡ್ಜ್ ಬದಲಿಸುವುದೊಂದೇ ದಾರಿ. ಮೋಟರ್ ಆರಿಸಿದರೂ ಒಂದು ಕಡೆ ಏರುತ್ತಿದ್ದರೆ ಆ ದಿಕ್ಕಿನಲ್ಲೇ ಯಾವುದೋ ಟ್ರಾನ್ಸ್‌ಫಾರ್ಮರ್ ಕೂತಿದೆ, ಸ್ಟೆಬಿಲೈಜರ್ ಆದರೂ ಆದೀತು. ಪವರ್ ತಂತಿ ಮತ್ತು ಫೋನೋ ತಂತಿಯನ್ನು ಒಟ್ಟಿಗೆ ಕಟ್ಟಿ ಅಚ್ಚುಕಟ್ಟು ಮಾಡಿದ್ದರೆ ಬಿಚ್ಚಿಹಾಕಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಅರ್ಥ್ ತಂತಿ ಹಾಕಿದ ಮೇಲೆ ಗುಂಯ್ ಹೆಚ್ಚಾಯಿತೇ? ಹಾಗಾದರೆ ಅರ್ಥ್ ಎರಡು ದಾರಿಯಲ್ಲಿ ಹೋಗಿ ಒಂದು ಕುಣಿಕೆ ಆಗಿದೆ. ನಮ್ಮ ಕಡೆ ಈ ಕುಣಿಕೆಯ ಇನ್ನೊಂದು ತುದಿ ಹೆಚ್ಚಾಗಿ ಟಿ.ವಿ. ಟಿ.ವಿ.ಯ ಸದ್ದನ್ನೂ ಇದೇ ಆಂಪ್ಲಿಫೈಯರಿಗೆ ಕೊಟ್ಟಿರುತ್ತಾರೆ, ಟಿ.ವಿ.ಗೆ ಮಾಡಿನ ಮೇಲಿನ ಡಿಶ್ಶಿನಿಂದ ಕೇಬಲ್ ಬಂದಿರುತ್ತದೆ. ಆ ಕೇಬಲನ್ನು ತಿರುಪು ಬಿಚ್ಚಿ ತೆಗೆದು ಕೇಳಿ. ಲ್ಯಾಪ್‌ಟಾಪ್ ಜೋಡಿಸಿದ್ದರೆ ಅದರ ಚಾರ್ಜರ್ ಕಿತ್ತು ಕೇಳಿ. ಆಮೇಲೆ ಎಲ್ಲ ಯಂತ್ರಗಳನ್ನೂ ಒಂದೇ ಮೂರು ಪಿನ್ನಿನ ಬೋರ್ಡಿಗೆ ತನ್ನಿ.

ಇಲ್ಲಿ ಒಂದು ಕೆಟ್ಟ ಸಲಹೆ ಚಾಲ್ತಿಯಲ್ಲಿದೆ: ಆಂಪ್ಲಿಫೈಯರಿನ ಪ್ಲಗ್ಗಿನ ದಪ್ಪ ಪಿನ್ ತೆಗೆದುಬಿಡಿ, ಗುಂಯ್ ಹೋಗುತ್ತದೆ ಎನ್ನುತ್ತಾರೆ. ಹೋಗುತ್ತದೆ, ನಿಜ. ಆದರೆ ನಾನೂರು ವೋಲ್ಟಿನ ಯಂತ್ರದೊಳಗೆ ಒಂದು ತಂತಿ ತಗಡಿಗೆ ತಾಗಿದ ದಿನ ಆ ಪಿನ್ ಇಲ್ಲದಿದ್ದರೆ ವಿದ್ಯುತ್ತು ಭೂಮಿಗೆ ಹೋಗುವ ದಾರಿ ನೀವೇ. ಆ ಸಲಹೆ ಕೊಟ್ಟವರ ಬೇರೆ ಸಲಹೆಗಳನ್ನೂ ಅನುಮಾನಿಸಿ.

ಯಾವ ತಂತಿ ಬದಲಿಸಿದರೂ ಗುಂಯ್ ಹೋಗದೆ, ತಗಡು ಮುಟ್ಟಿದರೆ ಬೆರಳಿಗೆ ಜುಮ್ಮೆಂದರೆ ಗೋಡೆಯ ಸಾಕೆಟ್ಟಿನಲ್ಲೇ ಅರ್ಥ್ ಇಲ್ಲ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಮೂರನೆಯ ತಂತಿ ಇದೆ ಎಂದುಕೊಳ್ಳಬೇಡಿ. ಇದ್ದರೂ ಅರ್ಥ್ ಗುಂಡಿ ಎಂದೋ ಒಣಗಿರುತ್ತದೆ. ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ನೀರು ಕುಡಿದು ಚೆನ್ನಾಗಿ ಒಯ್ಯುತ್ತದೆ, ಮಾರ್ಚ್ ಏಪ್ರಿಲ್ ಹೊತ್ತಿಗೆ ಒಣಗಿ ಗಟ್ಟಿಯಾಗಿ ತಡೆ ಏರುತ್ತದೆ. ಬೇಸಿಗೆಯಲ್ಲಿ ಮಾತ್ರ ಗುಂಯ್ ಎನ್ನುವ ಸೆಟ್ಟುಗಳ ಗುಟ್ಟು ಹಲವು ಸಲ ಇದೇ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಅಳೆಸಿ, ಗುಂಡಿಗೆ ನೀರು ಹಾಕಿಸಿ. ಹಾಡಿಗಿಂತ ಹೆಚ್ಚಾಗಿ ಬಚ್ಚಲಿನ ಗೀಸರಿಗೂ ತೋಟದ ಪಂಪ್‌ಸೆಟ್ಟಿಗೂ ಅದು ಬೇಕು.

ಗುಂಯ್ ಅಲ್ಲ, ಝರ್ರ್

ಗುಂಯ್ ಮೃದು. ಝರ್ರ್ ಎಂಬ ಹರಿತ ಸದ್ದಿಗೆ ಕಾರಣಗಳೇ ಬೇರೆ: ಇನ್ವರ್ಟರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬ್, ಪ್ರೀಆಂಪಿನ ಮೇಲಿಟ್ಟ ಮೊಬೈಲ್. ಒಂದೊಂದನ್ನೇ ಆರಿಸುತ್ತ ಬನ್ನಿ. ಇನ್ವರ್ಟರ್ ಮೇಲೆ ಅನುಮಾನವಿದ್ದರೆ ಮಳೆಗಾಲ ಪುಕ್ಕಟೆ ಪ್ರಯೋಗಾಲಯ: ಕರೆಂಟ್ ಹೋದ ಕ್ಷಣದಲ್ಲಿ ಸದ್ದಿನ ಬಣ್ಣ ಬದಲಾಯಿತೇ ಎಂದು ಕಿವಿಗೊಟ್ಟರಾಯಿತು. ಚೌಕ ಅಲೆಯ ಇನ್ವರ್ಟರ್ ಆದರೆ ಸ್ಪೀಕರ್ ಮಾತ್ರವಲ್ಲ, ಟ್ರಾನ್ಸ್‌ಫಾರ್ಮರೂ ಗುರುಗುಟ್ಟುತ್ತದೆ. ವಾಲ್ವ್ ಆಂಪ್ಲಿಫೈಯರ್ ಹಾಡು ಇರಲಿ ಬಿಡಲಿ ನೂರಿನ್ನೂರು ವಾಟ್ ತಿನ್ನುವ ಯಂತ್ರ, ಅದನ್ನು ಇನ್ವರ್ಟರಿನ ಲೈನಿಗೆ ಹಾಕದಿರುವುದೇ ಒಳ್ಳೆಯದು.

ಹಿನ್ನೆಲೆಯಲ್ಲಿ ಯಾರೋ ಮಾತಾಡಿದಂತೆ ಕೇಳಿಸಿದರೆ ಹೆದರಬೇಡಿ. ಪ್ರಬಲ ರೇಡಿಯೊ ಪ್ರಸಾರವನ್ನು ಫೋನೋ ತಂತಿ ಆಂಟೆನಾದಂತೆ ಹಿಡಿಯುವುದುಂಟು. ಭದ್ರಾವತಿ ಆಕಾಶವಾಣಿ ಕೇಂದ್ರದ ಆಸುಪಾಸಿನವರಿಗೆ ಪ್ರದೇಶ ಸಮಾಚಾರ ಹೀಗೂ ಕೇಳಿಸಬಹುದು. ಗಿಡ್ಡ ತಂತಿ, ಒಳ್ಳೆಯ ಹೆಣಿಗೆಯ ಕವಚವಿರುವ ತಂತಿ ಹಾಕಿದರೆ ಬಹುತೇಕ ನಿಲ್ಲುತ್ತದೆ.

ಒಂದೇ ಸ್ಪೀಕರ್ ಹಾಡುತ್ತಿದೆ

ಎಡಗಡೆ ಸತ್ತಿದೆ ಎಂದಿಟ್ಟುಕೊಳ್ಳಿ. ಆಂಪ್ಲಿಫೈಯರ್ ಆರಿಸಿ, ಅದರ ಹಿಂದೆ ಪ್ರೀಆಂಪಿನಿಂದ ಬಂದ ಎಡ ಬಲ ಪ್ಲಗ್ಗುಗಳನ್ನು ಅದಲುಬದಲು ಮಾಡಿ. ಮತ್ತೆ ಹಾಕಿದಾಗ ಎಡಗಡೆಯೇ ಸುಮ್ಮನಿದ್ದರೆ ದೋಷ ಆಂಪ್ಲಿಫೈಯರ್ ಅಥವಾ ಸ್ಪೀಕರಿನದು. ಮೌನ ಬಲಗಡೆಗೆ ಹಾರಿದರೆ ಇನ್ನೂ ಹಿಂದೆ ಇದೆ. ಪ್ಲಗ್ಗುಗಳನ್ನು ಮೊದಲಿನಂತೆ ಮಾಡಿ, ಈಗ ಪ್ರೀಆಂಪಿಗೆ ಟರ್ನ್‌ಟೇಬಲಿನಿಂದ ಬಂದವನ್ನು ಬದಲಿಸಿ. ಹೀಗೆ ಎರಡೇ ಬದಲಾವಣೆಯಲ್ಲಿ ಕಳ್ಳ ಯಾವ ಕೋಣೆಯಲ್ಲಿದ್ದಾನೆಂದು ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದನ್ನು ಮಾತ್ರ ಬಿಡಬೇಡಿ. ತಂತಿ, ವಾಲ್ವ್, ಸ್ಪೀಕರ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ ಸರಿಯಾಯಿತು ಎನ್ನುವವರಿಗೆ ಮುಂದಿನ ಸಲ ಅದೇ ದೋಷ ಬಂದಾಗ ಏನೂ ತಿಳಿದಿರುವುದಿಲ್ಲ.

ಟರ್ನ್‌ಟೇಬಲ್ ಕಡೆಯೇ ಎಂದಾದರೆ ಕಾರ್ಟ್ರಿಡ್ಜಿನ ಹಿಂಭಾಗ ನೋಡಿ. ನಾಲ್ಕು ಪಿನ್ನು, ನಾಲ್ಕು ಬಣ್ಣದ ಕೂದಲಿನಂಥ ತಂತಿ. ಬಿಳಿ ಎಡದ ಧನ, ನೀಲಿ ಎಡದ ಋಣ, ಕೆಂಪು ಬಲದ ಧನ, ಹಸಿರು ಬಲದ ಋಣ. ಪಿನ್ನಿನ ಮೇಲೆ ಕೂತ ಪುಟ್ಟ ಕೊಳವೆ ಸಡಿಲವಾಗಿದ್ದರೆ ಸಪೂರ ಚಿಮುಟದಿಂದ ತೆಗೆದು, ಒಳಗೆ ಹಲ್ಲುಕಡ್ಡಿ ಇಟ್ಟುಕೊಂಡು ಹೊರಗಿನಿಂದ ಒಂದಿಷ್ಟೇ ಅದುಮಿ ಮತ್ತೆ ತೂರಿಸಿ. ಎಳೆಯುವಾಗ ತಂತಿಯನ್ನು ಹಿಡಿಯಬೇಡಿ, ಕೊಳವೆಯನ್ನು ಹಿಡಿಯಿರಿ. ಕಾರ್ಟ್ರಿಡ್ಜಿಗೆ ಬೆಸುಗೆ ಕಡ್ಡಿ ಎಂದೂ ತಾಗಿಸಬೇಡಿ, ಒಳಗಿನ ಸುರುಳಿ ಸುಟ್ಟೀತು. ಬಿಳಿ ನೀಲಿ ಹಿಂದುಮುಂದಾಗಿದ್ದರೆ ಎರಡೂ ಕಡೆ ಹಾಡು ಬರುತ್ತದೆ, ಆದರೆ ತಗ್ಗಿನ ಸ್ವರ ಸೊರಗಿ ಗಾಯಕರು ಎಲ್ಲಿ ಕೂತಿದ್ದಾರೆಂದೇ ತಿಳಿಯುವುದಿಲ್ಲ.

ಹೆಡ್‌ಶೆಲ್ ಬಿಚ್ಚುವಂಥದ್ದಾದರೆ ಅದರ ಹಿಂದಿನ ನಾಲ್ಕು ಚುಕ್ಕೆಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆ ತೇವದಲ್ಲಿ ಹಿತ್ತಾಳೆ ತಾಮ್ರದ ಮೇಲೆಲ್ಲ ಕಿಲುಬು ಕಟ್ಟುತ್ತದೆ. ಆರ್‌ಸಿಎ ಪ್ಲಗ್ಗುಗಳನ್ನು ಹಾಕಿದಲ್ಲೇ ಒಂದೆರಡು ಸಲ ತಿರುಗಿಸಿದರೂ ಸತ್ತ ಕಡೆ ಎಷ್ಟೋ ಸಲ ಎದ್ದು ಕೂರುತ್ತದೆ.

ಆಂಪ್ಲಿಫೈಯರ್ ಕಡೆಯೇ ಎಂದಾದರೆ ಮಾತ್ರ ವಾಲ್ವಿನ ಸರದಿ. ಆರಿಸಿ, ಪೂರ್ತಿ ತಣಿಯಲು ಬಿಟ್ಟು, ಬಟ್ಟೆಯಲ್ಲಿ ಹಿಡಿದು ಎಡ ಬಲದ ಒಂದೇ ನಂಬರಿನ ಸಣ್ಣ ವಾಲ್ವ್‌ಗಳನ್ನು ಅದಲುಬದಲು ಮಾಡಿ. ದೋಷ ವಾಲ್ವಿನ ಜೊತೆ ಹೋದರೆ ವಾಲ್ವ್, ಅಲ್ಲೇ ಉಳಿದರೆ ಸರ್ಕ್ಯೂಟ್. ದೊಡ್ಡ ಪವರ್ ವಾಲ್ವ್‌ಗಳನ್ನು ಹಾಗೆ ಆಡಿಸಬೇಡಿ, ಕೆಲವು ಆಂಪ್ಲಿಫೈಯರ್‌ಗಳಲ್ಲಿ ಬದಲಿಸಿದಾಗಲೆಲ್ಲ ಬಯಾಸ್ (ವಾಲ್ವಿನ ಮೂಲ ವಿದ್ಯುತ್ ಮಟ್ಟ) ಹೊಂದಿಸಬೇಕಾಗುತ್ತದೆ.

ಜೋರು ಮಾಡಿದರೆ ಊಳಿಡುತ್ತದೆ

ಹಲಗೆ ಹಾಸಿದ ಮಹಡಿಯ ಮನೆಗಳ ವಿಶೇಷ ಇದು. ಸ್ಪೀಕರಿನ ನಡುಕ ಹಲಗೆಗೆ, ಹಲಗೆಯಿಂದ ಟರ್ನ್‌ಟೇಬಲಿಗೆ, ಮುಳ್ಳಿನಿಂದ ಮತ್ತೆ ಸ್ಪೀಕರಿಗೆ. ಖಚಿತಪಡಿಸಿಕೊಳ್ಳಲು ಮೋಟರ್ ಆರಿಸಿ, ನಿಂತ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿ, ವಾಲ್ಯೂಮನ್ನು ನಿಧಾನವಾಗಿ ಏರಿಸಿ. ಹಾಡಿಲ್ಲದೆಯೇ ಬುಂಯ್ ಎಂದು ಏಳತೊಡಗಿದರೆ ಅದೇ. ಕೂಡಲೇ ಇಳಿಸಿ. ಮುಳ್ಳು ಎತ್ತಿದ ಮೇಲೂ ಊಳು ನಿಲ್ಲದಿದ್ದರೆ ಯಾವುದೋ ಸಣ್ಣ ವಾಲ್ವ್ ಒಳಗಿನಿಂದ ಸಡಿಲಗೊಂಡಿದೆ. ಪೆನ್ಸಿಲಿನ ಹಿಂಬದಿಯಿಂದ ಒಂದೊಂದನ್ನೇ ಮೆಲ್ಲಗೆ ತಟ್ಟಿದರೆ ಅದು ಸ್ಪೀಕರಿನಲ್ಲಿ ಟಿಂಗ್ ಎನ್ನುತ್ತದೆ.

ಟರ್ನ್‌ಟೇಬಲಿಗೆ ಸರಿಯಾದ ಜಾಗ ಗೋಡೆ. ದಪ್ಪ ಗೋಡೆಯ ಗೂಡು, ಗೋಡೆಗೆ ಹೂತ ನಾಗಂದಿಗೆ ಇವು ಸಾವಿರಾರು ರೂಪಾಯಿಯ ಸ್ಟ್ಯಾಂಡುಗಳಿಗಿಂತ ಗಟ್ಟಿ. ಮಕ್ಕಳು ಮಹಡಿಯಲ್ಲಿ ಓಡಿದಾಗ ಮುಳ್ಳು ಹಾರುವುದೂ ಅದರಿಂದ ನಿಲ್ಲುತ್ತದೆ. ಸ್ಪೀಕರ್ ಇರುವ ಮೇಜಿನ ಮೇಲಂತೂ ಇಡಲೇಬೇಡಿ.

ಶ್ರುತಿ ಇಳಿದಿದೆ

ಬೆಲ್ಟ್ ಸಡಿಲವಾದರೆ ಹಾಡು ತೇಲಾಡುತ್ತದೆ, ಬೆಲ್ಟ್ ಬದಲಿಸಿ. ತೇಲಾಡದೆ ಒಂದೇ ಸಮನೆ ಶ್ರುತಿ ಇಳಿದಿದ್ದರೆ ಯಂತ್ರ ಎಲ್ಲಿಂದ ಬಂತು ಎಂದು ಕೇಳಬೇಕು. ಅಮೆರಿಕದಿಂದ ಮಗನೋ ಮಗಳೋ ತಂದ ಹಳೆಯ ಟರ್ನ್‌ಟೇಬಲಿನ ಎ.ಸಿ. ಮೋಟರ್ 60 ಹರ್ಟ್ಸ್‌ಗೆ ಮಾಡಿದ್ದು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೆ ಅದು ಸುಡುವುದಿಲ್ಲ, ಆದರೆ ಆವರ್ತನ ನಮ್ಮ 50 ಹರ್ಟ್ಸ್ ಆಗಿಯೇ ಉಳಿಯುತ್ತದೆ. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದದ್ದು 28ಕ್ಕೂ ಕಡಿಮೆ ತಿರುಗುತ್ತದೆ, ಶ್ರುತಿ ಮೂರು ಸ್ವರಸ್ಥಾನಕ್ಕೂ ತುಸು ಹೆಚ್ಚು ಇಳಿಯುತ್ತದೆ. 50 ಹರ್ಟ್ಸ್‌ನ ಪುಲ್ಲಿ ಸಿಕ್ಕಿದರೆ ಸರಿಪಡಿಸಬಹುದು.

ವೇಗ ನೋಡಲು ಸುತ್ತಲೂ 180 ಗೆರೆಗಳಿರುವ ಕಾಗದದ ಬಿಲ್ಲೆ ಸಾಕು. ಚೋಕ್ ಇರುವ ಟ್ಯೂಬ್‌ಲೈಟಿನ ಅಡಿಯಲ್ಲಿ ತಿರುಗಿಸಿದಾಗ ಗೆರೆಗಳು ನಿಂತಂತೆ ಕಂಡರೆ 33⅓ ಸರಿಯಿದೆ. ಎಲ್‌ಇಡಿ ಬೆಳಕಿನಲ್ಲಿ ಇದು ಕೈಕೊಡಬಹುದು. ಕರೆಂಟ್ ದೀಪ ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ ಈ ಲೆಕ್ಕ.

ಹಾಡು ಒಡೆಯುತ್ತದೆ, ಚಟಪಟ ಎನ್ನುತ್ತದೆ

ಮುಳ್ಳಿನ ತುದಿಯ ಧೂಳಿನ ಉಂಡೆ ತೆಗೆಯಿರಿ, ಬ್ರಷ್ ಹಿಂದಿನಿಂದ ಮುಂದಕ್ಕೆ ಮಾತ್ರ. ತೂಕ ನೋಡಿ: ಮೂವಿಂಗ್ ಮ್ಯಾಗ್ನೆಟ್‌ಗೆ ಹೆಚ್ಚಾಗಿ 1.5ರಿಂದ 2 ಗ್ರಾಂ. ಹಗುರ ಇಟ್ಟರೆ ರೆಕಾರ್ಡ್ ಉಳಿಯುತ್ತದೆ ಎಂಬ ನಂಬಿಕೆ ತಪ್ಪು, ಹಗುರವಾದ ಮುಳ್ಳು ಗೀರಿನಲ್ಲಿ ಎಗರಾಡಿ ಗೋಡೆ ಕೆಡಿಸುತ್ತದೆ. 78 ಸುತ್ತಿನ ಹಳೆಯ ತಟ್ಟೆಗಳಿಗೆ ಎಲ್‌ಪಿಯ ಮುಳ್ಳು ಸಲ್ಲದು, ಅವುಗಳ ಗೀರು ಸುಮಾರು ಮೂರು ಪಟ್ಟಿನಷ್ಟು ಅಗಲ.

ಮಳೆಗಾಲ ಕಳೆದ ಮೇಲೆ ತೆಗೆದ ರೆಕಾರ್ಡುಗಳ ಚಟಪಟಕ್ಕೆ ಕಾರಣ ಸಾಮಾನ್ಯವಾಗಿ ಬೂಷ್ಟು. ವಾರೆ ಬೆಳಕಿನಲ್ಲಿ ಹಿಡಿದರೆ ಬೂದಿ ಬಣ್ಣದ ಚುಕ್ಕೆಗಳು ಕಾಣುತ್ತವೆ. ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೃದು ಬಟ್ಟೆಯಿಂದ ಗೀರಿನ ಗುಂಟ ಸುತ್ತುತ್ತಾ ಒರೆಸಿ, ಬರೀ ನೀರಿನಿಂದ ಮತ್ತೆ ಒರೆಸಿ, ನಡುವಿನ ಲೇಬಲ್ ನೆನೆಯದಂತೆ ನೋಡಿಕೊಳ್ಳಿ. ಒಣಗಿಸಲು ಅಡಿಕೆಯ ಜೊತೆ ಅಂಗಳದ ಬಿಸಿಲಿಗೆ ಹಾಕಬೇಡಿ, ಹಪ್ಪಳವಾಗುತ್ತದೆ. 78ರ ತಟ್ಟೆಗಳಿಗೆ ಸ್ಪಿರಿಟ್ ತಾಗಿಸಲೇಬಾರದು, ಅವು ಅರಗಿನವು, ಕರಗುತ್ತವೆ. ಕಾಗದದ ಹಳೆಯ ಒಳಲಕೋಟೆಗೂ ಬೂಷ್ಟು ಹಿಡಿದಿರುತ್ತದೆ, ತೊಳೆದದ್ದನ್ನು ಮತ್ತೆ ಅದರೊಳಗೇ ತೂರಿಸಬೇಡಿ.

ಆಂಪ್ಲಿಫೈಯರನ್ನು ಆಷಾಢದಲ್ಲಿ ಪೂರ್ತಿ ಮುಚ್ಚಿಡುವುದಕ್ಕಿಂತ ವಾರಕ್ಕೊಮ್ಮೆ ಒಂದು ಗಂಟೆ ಉರಿಸುವುದು ಲೇಸು, ತನ್ನ ಬಿಸಿಗೆ ತಾನೇ ಒಣಗುತ್ತದೆ. ಸಿಡಿಲಿನ ಕಾಲದಲ್ಲಿ ಮಾತ್ರ, ಅದರಲ್ಲೂ ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ, ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕೀಳಿ, ಡಿಶ್ಶಿನ ಕೇಬಲನ್ನೂ ಬಿಡಿಸಿ.

ರಿಪೇರಿಗೆ ಒಯ್ಯುವಾಗ

ಇಷ್ಟೆಲ್ಲ ಮಾಡಿದ ಮೇಲೂ ದೋಷ ಆಂಪ್ಲಿಫೈಯರಿನಲ್ಲೇ ಎಂದು ಖಚಿತವಾದರೆ ವಾಲ್ವ್ ತಿಳಿದವರನ್ನೇ ಹುಡುಕಿ. ಈಗ ಅಂಥವರು ಕಡಿಮೆ, ಟಿ.ವಿ. ಬೋರ್ಡು ಬದಲಿಸುವವರಿಗೆ ಇದು ಒಗ್ಗುವುದಿಲ್ಲ. "ಸದ್ದು ಸರಿಯಿಲ್ಲ" ಎಂದಷ್ಟೇ ಹೇಳಬೇಡಿ. ವಾಲ್ಯೂಮ್ ಸೊನ್ನೆಯಲ್ಲೂ ಗುಂಯ್ ಇದೆಯೇ, ಯಾವ ಕಡೆ, ಚಾಲೂ ಮಾಡಿದ ಕೂಡಲೇ ಬರುತ್ತದೆಯೇ ಬಿಸಿಯಾದ ಮೇಲೆಯೇ, ವಾಲ್ವ್ ಅದಲುಬದಲು ಮಾಡಿದಾಗ ಏನಾಯಿತು ಎಂದು ಚೀಟಿಯಲ್ಲಿ ಬರೆದು ಅಂಟಿಸಿ. ವಾಲ್ವ್‌ಗಳನ್ನು ಬಿಚ್ಚಿ, ಯಾವುದು ಎಲ್ಲಿಯದೆಂದು ಗುರುತು ಹಾಕಿ, ಹತ್ತಿಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬದಲ್ಲಿಡಿ. ಟ್ರಾನ್ಸ್‌ಫಾರ್ಮರ್‌ಗಳ ಭಾರಕ್ಕೆ ಪೆಟ್ಟಿಗೆ ಒಂದೇ ಕಡೆ ವಾಲುತ್ತದೆ, ಆದ್ದರಿಂದ ಬಸ್ಸಿನಲ್ಲಾದರೆ ಲಗೇಜಿಗೆ ಹಾಕದೆ ಕಾಲ ಬಳಿಯೇ ಇಟ್ಟುಕೊಳ್ಳಿ.